ವಿಜ್ಞಾನಿ ಬರೂಕ್ ಬ್ಲಂಬರ್ಗ್ ಮತ್ತು ಜೊತೆಗೂಡಿ ಬರುವ ವೈರಸ್‌ಗಳು

ಕಾಮಾಲೆ ರೋಗದ ಹೆಸರನ್ನು ಕೇಳದಿರುವ ಮನೆ ನಮ್ಮ ಹೊಸೂರು, ತಳಿ, ದೇಂಕಣಿಕೋಟೆ, ಕೃಷ್ಣಗಿರಿಗಳ ಸೀಮೆಯಲ್ಲಿ ಒಂದೂ ಇರಲಾರದು. ಕಣ್ಣು ಹಳದಿಗಟ್ಟಿ, ಊಟ ಸೇರದೆ, ಮೈ ಸೋತು ಮಲಗಿದವರಿಗೆ ಹೊಲದ ಬದುವಿನಿಂದ ನೆಲನೆಲ್ಲಿಯನ್ನು ಕಿತ್ತು ತಂದು, ಅರೆದು, ಮಜ್ಜಿಗೆಯಲ್ಲಿ ಕಲಸಿ ಕುಡಿಸುವುದು ಹಿರಿಯರ ಕಾಲದಿಂದ ನಡೆದುಬಂದ ರೂಢಿ. ನಮ್ಮ ತಮಿಳು ನೆರೆಹೊರೆಯವರು ಇದೇ ಗಿಡವನ್ನು ಕೀಳಾನೆಲ್ಲಿ ಎನ್ನುತ್ತಾರೆ. ಈ ಪುಟ್ಟ ಗಿಡವನ್ನು ಅಮೆರಿಕಾದ ಒಬ್ಬ ನೊಬೆಲ್ ಪಾರಿತೋಷಕ ವಿಜೇತರು ತಮ್ಮ ಪ್ರಯೋಗಶಾಲೆಯಲ್ಲಿಟ್ಟು ಪರೀಕ್ಷಿಸಿದರೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಅವರೇ ಡಾಕ್ಟರ್ ಬರೂಕ್ ಬ್ಲಂಬರ್ಗ್.

ಕಾಮಾಲೆಗೆ ಕಾರಣಗಳು ಹಲವು. ಅವುಗಳಲ್ಲಿ ಬಹಳ ಮೋಸದ್ದು ಹೆಪಟೈಟಿಸ್ ಬಿ ಎಂಬ ವೈರಸ್. ಅನೇಕರಲ್ಲಿ ಅದು ಕಣ್ಣನ್ನು ಹಳದಿ ಮಾಡುವುದೂ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಯಕೃತ್ತಿನಲ್ಲಿ ಸದ್ದಿಲ್ಲದೆ ಕುಳಿತಿದ್ದು, ಕೊನೆಗೆ ಆ ಅಂಗವನ್ನು ಗಂಟುಗಂಟಾಗಿಸಿ, ಕೆಲವರಲ್ಲಿ ಕ್ಯಾನ್ಸರನ್ನೂ ಉಂಟುಮಾಡುತ್ತದೆ. ಏಡ್ಸ್ ರೋಗಕ್ಕೆ ಕಾರಣವಾದ ಎಚ್.ಐ.ವಿ. ಎಂಬ ವೈರಸ್ಸಿಗೆ ಇದು ಜೊತೆಗಾರ. ಒಂದು ಬಂದ ದಾರಿಯಲ್ಲೇ ಇನ್ನೊಂದೂ ಬರುತ್ತದೆ. ಇದರ ಗುರುತನ್ನು ಮನುಷ್ಯನ ರಕ್ತದಲ್ಲಿ ಮೊದಲು ಪತ್ತೆಹಚ್ಚಿದವರು ಬ್ಲಂಬರ್ಗ್ ಮತ್ತು ಅವರ ಸಂಗಡಿಗರು. ವಿಚಿತ್ರವೆಂದರೆ ಅವರು ಅದನ್ನು ಹುಡುಕುತ್ತಲೇ ಇರಲಿಲ್ಲ.

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಎಂಬಲ್ಲಿ 1925ನೆಯ ಇಸವಿ ಜುಲೈ 28ರಂದು ಬರೂಕ್ ಬ್ಲಂಬರ್ಗ್ ಜನಿಸಿದರು. ತಂದೆ ವಕೀಲರು. ಯಹೂದಿ ಕುಟುಂಬವಾದ್ದರಿಂದ ಬಾಲಕನ ಮೊದಲ ವಿದ್ಯಾಭ್ಯಾಸವು ಹೀಬ್ರೂ ಭಾಷೆ ಮತ್ತು ಧರ್ಮಗ್ರಂಥಗಳನ್ನು ಕಲಿಸುವ ಶಾಲೆಯಲ್ಲಾಯಿತು. ಪ್ರೌಢಶಾಲೆಯ ಓದು ಫಾರ್ ರಾಕವೇ ಎಂಬ ಸರ್ಕಾರಿ ಹೈಸ್ಕೂಲಿನಲ್ಲಿ. ಆ ಒಂದೇ ಹೈಸ್ಕೂಲಿನ ಮೂವರು ಹಳೆಯ ವಿದ್ಯಾರ್ಥಿಗಳು ನೊಬೆಲ್ ಪಾರಿತೋಷಕ ಪಡೆದರು. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1965ರಲ್ಲಿ, ಬರ್ಟನ್ ರಿಕ್ಟರ್ ಮತ್ತು ನಮ್ಮ ಬ್ಲಂಬರ್ಗ್ ಇಬ್ಬರೂ 1976ರಲ್ಲಿ. ಒಂದು ಸಾಮಾನ್ಯ ಹೈಸ್ಕೂಲಿಗೆ ಇದಕ್ಕಿಂತ ದೊಡ್ಡ ಹೆಮ್ಮೆ ಬೇಕೆ?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ಲಂಬರ್ಗ್ ನೌಕಾಪಡೆ ಸೇರಿ ಹಡಗಿನ ಅಧಿಕಾರಿಯಾದರು. 1946ರಲ್ಲಿ ಭೌತಶಾಸ್ತ್ರದ ಪದವಿ ದೊರೆಯಿತು. ಆಮೇಲೆ ಗಣಿತದ ಉನ್ನತ ವ್ಯಾಸಂಗಕ್ಕೆಂದು ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದರು. ಒಂದು ವರ್ಷ ಕಳೆಯುವಷ್ಟರಲ್ಲಿ ತಂದೆಯವರು ವೈದ್ಯಶಾಸ್ತ್ರ ಓದುವುದು ಮೇಲೆಂದು ಸಲಹೆಯಿತ್ತರು. ಮಗ ಒಪ್ಪಿದ. 1951ರಲ್ಲಿ ವೈದ್ಯ ಪದವಿಯೂ ಕೈಸೇರಿತು.

ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ನಡೆದ ಒಂದು ಪ್ರವಾಸವು ಅವರ ಬಾಳಿನ ದಿಕ್ಕನ್ನು ಬದಲಿಸಿತು. ದಕ್ಷಿಣ ಅಮೆರಿಕಾದ ಸುರಿನಾಮ್ ದೇಶದಲ್ಲಿ ಕಾಡಿನ ನಡುವೆ ಮೋಂಗೋ ಎಂಬ ಗಣಿಯ ಊರಿದೆ. ಅಲ್ಲಿನ ಆಸ್ಪತ್ರೆಯಲ್ಲಿ ಅವರು ಕೆಲವು ತಿಂಗಳು ಕೆಲಸ ಮಾಡಿದರು. ಹಿಂದೆ ಕಬ್ಬಿನ ತೋಟಗಳಿಗಾಗಿ ಆ ದೇಶಕ್ಕೆ ಕೂಲಿಗಳನ್ನು ದೂರದೂರದಿಂದ ತರಿಸಿದ್ದರು. ಭಾರತದಿಂದ ಹೋದವರು, ಜಾವಾದವರು, ಆಫ್ರಿಕಾದವರು, ಚೀನಿಯರು ಎಲ್ಲರೂ ಅಲ್ಲಿದ್ದರು. ಒಂದೇ ನೀರು, ಒಂದೇ ಗಾಳಿ, ಅದೇ ಸೊಳ್ಳೆಗಳು. ಆದರೂ ಆನೆಕಾಲು ರೋಗವು ಒಂದು ಜನಾಂಗದಲ್ಲಿ ಹೆಚ್ಚು, ಮತ್ತೊಂದರಲ್ಲಿ ಕಡಿಮೆ. ಹೀಗೇಕೆ? ರೋಗಾಣು ಎಲ್ಲರಿಗೂ ಒಂದೇ ಆಗಿದ್ದರೂ ಅದನ್ನು ಎದುರಿಸುವ ದೇಹಗಳು ಒಂದೇ ಅಲ್ಲವೆಂಬುದು ಯುವಕನ ಮನಸ್ಸಿನಲ್ಲಿ ಅಂದೇ ನಾಟಿತು. ಈ ಪ್ರಶ್ನೆಯನ್ನು ಅವರು ಮತ್ತೆಂದೂ ಕೈಬಿಡಲಿಲ್ಲ.

ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಎರಡು ವರ್ಷ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದು, 1957ರಲ್ಲಿ ಅವರು ಅಮೆರಿಕಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರು ಕೈಗೊಂಡ ಕೆಲಸವನ್ನು ನೋಡಿದ ಬೇರೆ ವೈದ್ಯರಿಗೆ ಇದೇನು ಹುಚ್ಚು ಎನಿಸಿದ್ದರೆ ಆಶ್ಚರ್ಯವಿಲ್ಲ. ಲೋಕದ ನಾನಾ ಭಾಗಗಳ ಜನರ ರಕ್ತದ ಮಾದರಿಗಳನ್ನು ಕೂಡಿಹಾಕುವುದೇ ಆ ಕೆಲಸ. ಆಫ್ರಿಕಾದ ಹಳ್ಳಿಗಳು, ಶಾಂತಸಾಗರದ ದ್ವೀಪಗಳು, ಹಿಮಪ್ರದೇಶದ ಅಲಾಸ್ಕಾ, ಹೀಗೆ ಎಲ್ಲೆಲ್ಲಿಂದಲೋ ಚಿಕ್ಕ ಸೀಸೆಗಳು ಬಂದು ಶೀತಲಪೆಟ್ಟಿಗೆಗಳನ್ನು ತುಂಬಿದವು.

ಬ್ಲಂಬರ್ಗರ ಆಲೋಚನೆ ಸರಳವಾಗಿತ್ತು. ಒಬ್ಬರ ರಕ್ತದ ಪ್ರೋಟೀನುಗಳಿಗೂ ಇನ್ನೊಬ್ಬರ ಪ್ರೋಟೀನುಗಳಿಗೂ ಸಣ್ಣ ವ್ಯತ್ಯಾಸಗಳಿರುತ್ತವೆ. ಹಲವು ಬಾರಿ ಬೇರೆಯವರ ರಕ್ತವನ್ನು ಪಡೆದ ರೋಗಿಯ ದೇಹವು ಆ ಹೊಸ ಪ್ರೋಟೀನುಗಳನ್ನು ಪರಕೀಯವೆಂದು ಬಗೆದು ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಹಾಗಾದರೆ ಅಂತಹ ರೋಗಿಯ ರಕ್ತಸಾರವನ್ನು ಒಂದು ಉಪಕರಣವಾಗಿ ಬಳಸಿಕೊಂಡು, ಇತರರ ರಕ್ತದಲ್ಲಿ ಅಡಗಿರುವ ವ್ಯತ್ಯಾಸಗಳನ್ನು ಕಂಡುಹಿಡಿಯಬಾರದೇಕೆ? ಗಾಯವಾದರೆ ರಕ್ತ ನಿಲ್ಲದ ಕುಸುಮರೋಗದವರಿಗೆ ಆಗಾಗ್ಗೆ ಪರರ ರಕ್ತ ಕೊಡಬೇಕಾಗುತ್ತದೆ. ಆದುದರಿಂದ ಅವರ ರಕ್ತಸಾರವೇ ಇದಕ್ಕೆ ತಕ್ಕದ್ದೆಂದು ಅವರು ಆರಿಸಿಕೊಂಡರು.

ಪರೀಕ್ಷೆಯ ವಿಧಾನವನ್ನು ನಮ್ಮ ಶಾಲೆಯ ಮಕ್ಕಳೂ ಅರಿಯಬಲ್ಲರು. ಅಗರ್ ಎಂಬ ಲೋಳೆಯಂತಹ ಪದಾರ್ಥವನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ, ಅದರಲ್ಲಿ ಚಿಕ್ಕ ಗುಳಿಗಳನ್ನು ತೋಡುತ್ತಾರೆ. ನಡುವಿನ ಗುಳಿಯಲ್ಲಿ ರೋಗಿಯ ರಕ್ತಸಾರ, ಸುತ್ತಲಿನ ಗುಳಿಗಳಲ್ಲಿ ಬೇರೆ ಬೇರೆ ಜನರದು. ಎರಡೂ ಲೋಳೆಯಲ್ಲಿ ನಿಧಾನವಾಗಿ ಹರಿದು ನಡುವೆ ಸಂಧಿಸುತ್ತವೆ. ಪ್ರತಿಕಾಯವೂ ಅದಕ್ಕೆ ತಕ್ಕ ಪ್ರತಿಜನಕವೂ ಕೂಡಿದರೆ ಅಲ್ಲೊಂದು ಬಿಳಿಯ ಗೆರೆ ಮೂಡುತ್ತದೆ, ಇಲ್ಲವಾದರೆ ಏನೂ ಇಲ್ಲ.

1963ರಲ್ಲಿ, ರಕ್ತನಿಧಿಯಲ್ಲಿದ್ದ ಹಾರ್ವಿ ಆಲ್ಟರ್ ಎಂಬ ತರುಣ ವೈದ್ಯರೊಡನೆ ಕೆಲಸ ಮಾಡುತ್ತಿದ್ದಾಗ, ನ್ಯೂಯಾರ್ಕಿನ ಒಬ್ಬ ಕುಸುಮರೋಗಿಯ ರಕ್ತಸಾರವನ್ನು 24 ಮಾದರಿಗಳ ಎದುರಿಗಿಟ್ಟು ನೋಡಲಾಯಿತು. ಗೆರೆ ಮೂಡಿದ್ದು ಒಂದರಲ್ಲಿ ಮಾತ್ರ. ಆ ಒಂದು ಮಾದರಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರದು. ಎಲ್ಲಿಯ ನ್ಯೂಯಾರ್ಕು, ಎಲ್ಲಿಯ ಆಸ್ಟ್ರೇಲಿಯಾ! ಭೂಮಿಯ ಎರಡು ತುದಿಗಳಲ್ಲಿದ್ದು ಒಬ್ಬರನ್ನೊಬ್ಬರು ಕಂಡರಿಯದ ಈ ಇಬ್ಬರ ರಕ್ತಗಳಿಗೆ ಏನು ನಂಟು? ಸಾಧಾರಣ ಬುದ್ಧಿಯವನಾಗಿದ್ದರೆ ಇದು ಯಾವುದೋ ತಪ್ಪಿನಿಂದಾಯಿತೆಂದು ಆ ಗಾಜನ್ನು ತೊಳೆದಿಡುತ್ತಿದ್ದ. ಬ್ಲಂಬರ್ಗ್ ಆ ಗೆರೆಯ ಬೆನ್ನು ಹತ್ತಿದರು. ಅದಕ್ಕೆ ಆಸ್ಟ್ರೇಲಿಯಾ ಪ್ರತಿಜನಕ ಎಂದು ಹೆಸರಿಟ್ಟು, 1965ರಲ್ಲಿ ಅದರ ವಿಷಯವನ್ನು ಪ್ರಕಟಿಸಿದರು. ಅದು ಏನೆಂಬುದು ಆಗಲೂ ಅವರಿಗೆ ತಿಳಿದಿರಲಿಲ್ಲ.

ಆರೋಗ್ಯವಂತ ಅಮೆರಿಕನ್ನರಲ್ಲಿ ಅದು ಬಲು ಅಪರೂಪ. ರಕ್ತದ ಕ್ಯಾನ್ಸರ್ ಪೀಡಿತರಲ್ಲಿ ಹೆಚ್ಚು. ಡೌನ್ ಸಿಂಡ್ರೋಮ್ ಇರುವ, ದೊಡ್ಡ ಆಶ್ರಮಗಳಲ್ಲಿ ಒಟ್ಟಾಗಿ ಇರಿಸಲ್ಪಟ್ಟ ಮಕ್ಕಳಲ್ಲಿ ಇನ್ನೂ ಹೆಚ್ಚು. ಇದು ಹುಟ್ಟಿನಿಂದಲೇ ಬರುವ ಗುಣವಿರಬೇಕೆಂದು ಅವರು ಮೊದಲು ಊಹಿಸಿದ್ದರು. ಆ ಊಹೆ ಕುಸಿದುಬಿದ್ದದ್ದು 1966ರಲ್ಲಿ. ಮೊದಲು ಪರೀಕ್ಷಿಸಿದಾಗ ಪ್ರತಿಜನಕವಿಲ್ಲದಿದ್ದ ಒಬ್ಬ ರೋಗಿಯ ರಕ್ತದಲ್ಲಿ ಸ್ವಲ್ಪ ಕಾಲದ ಮೇಲೆ ಅದು ಕಾಣಿಸಿಕೊಂಡಿತು. ಹುಟ್ಟುಗುಣವಾದರೆ ನಡುವೆ ಬರುವುದು ಹೇಗೆ? ಆತನನ್ನು ಚೆನ್ನಾಗಿ ಪರೀಕ್ಷಿಸಿ ನೋಡಿದರೆ, ಯಕೃತ್ತಿನ ಉರಿಯೂತ! ಮುಂದಿನ ವರ್ಷ ಪ್ರಯೋಗಶಾಲೆಯ ತಂತ್ರಜ್ಞೆಯೊಬ್ಬರಿಗೆ ಮೈ ಸರಿಯಿಲ್ಲದಾಯಿತು. ಆಕೆ ತನ್ನದೇ ರಕ್ತವನ್ನು ಪರೀಕ್ಷಿಸಿಕೊಂಡಾಗ ಅದೇ ಗೆರೆ ಮೂಡಿತು. ಕೆಲವೇ ದಿನಗಳಲ್ಲಿ ಕಾಮಾಲೆ. ಆಕೆ ಗುಣಮುಖರಾದರೆಂಬುದು ಸಂತೋಷದ ಸಂಗತಿ. ಆಸ್ಟ್ರೇಲಿಯಾ ಪ್ರತಿಜನಕವು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಒಂದು ಭಾಗವೆಂಬ ಗುಟ್ಟು ಹೀಗೆ ಬಯಲಾಯಿತು.

ಇದರ ಫಲ ಬೇಗನೆ ಕೈಗೆ ಬಂತು. ಅದುವರೆಗೆ ರಕ್ತದಾನ ಪಡೆದ ಎಷ್ಟೋ ಮಂದಿ ಒಂದು ರೋಗದಿಂದ ಉಳಿದುಕೊಂಡು ಕಾಮಾಲೆಗೆ ತುತ್ತಾಗುತ್ತಿದ್ದರು. ಇನ್ನು ಮೇಲೆ ರಕ್ತನಿಧಿಗಳು ದಾನಿಯ ರಕ್ತವನ್ನು ಮೊದಲೇ ಪರೀಕ್ಷಿಸಬಹುದಾಯಿತು. ಕೇಳಿದ ವಿಜ್ಞಾನಿಗಳಿಗೆಲ್ಲ ಬ್ಲಂಬರ್ಗರ ಸಂಸ್ಥೆಯು ಪರೀಕ್ಷೆಗೆ ಬೇಕಾದ ಸಾಮಗ್ರಿಯನ್ನು ಕಳುಹಿಸಿಕೊಟ್ಟಿತು. ಇಂದಿಗೂ ಗರ್ಭಿಣಿಯರ ತಪಾಸಣೆಯ ಚೀಟಿಯಲ್ಲಿ ಎಚ್.ಐ.ವಿ. ಪರೀಕ್ಷೆಯ ಜೊತೆಗೆ ಎಚ್.ಬಿ.ಎಸ್.ಎ.ಜಿ. ಎಂಬ ಇನ್ನೊಂದು ಪರೀಕ್ಷೆಯನ್ನು ಬರೆದಿರುತ್ತಾರೆ. ತಾಯಂದಿರು ನೋಡಿರಬಹುದು. ಅದು ಬೇರೇನೂ ಅಲ್ಲ, 1963ರ ಆಸ್ಟ್ರೇಲಿಯಾ ಪ್ರತಿಜನಕವೇ.

1964ರಿಂದ ಬ್ಲಂಬರ್ಗ್ ಫಿಲಡೆಲ್ಫಿಯಾ ನಗರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿದ್ದರು. 1969ರಲ್ಲಿ ಅವರೂ ಸಹೋದ್ಯೋಗಿ ಅರ್ವಿಂಗ್ ಮಿಲ್‌ಮನ್ನರೂ ಒಂದು ದಿಟ್ಟ ಸೂಚನೆಯನ್ನು ಮುಂದಿಟ್ಟರು. ಈ ವೈರಸ್ಸು ತನ್ನ ಹೊರಕವಚವನ್ನು ಅಗತ್ಯಕ್ಕಿಂತ ಬಹಳ ಹೆಚ್ಚಾಗಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಒಳಗೆ ತಿರುಳಿಲ್ಲದ ಈ ಬರಿಯ ಹೊಟ್ಟಿನಿಂದ ರೋಗ ಬಾರದು. ಆದರೆ ದೇಹವು ಅದನ್ನು ಕಂಡು ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಹಾಗಾಗಿ ರೋಗವಾಹಕರ ರಕ್ತದಿಂದಲೇ ಈ ಹೊಟ್ಟನ್ನು ಬೇರ್ಪಡಿಸಿ, ಶುದ್ಧಮಾಡಿ ಲಸಿಕೆಯಾಗಿ ಬಳಸಬಹುದೆಂದು ಅವರು ತೋರಿಸಿದರು. ಮಾರಿಸ್ ಹಿಲ್‌ಮನ್ ಎಂಬ ಲಸಿಕಾ ತಜ್ಞರು ಇದನ್ನು ಕಾರ್ಯರೂಪಕ್ಕೆ ತಂದರು. ನ್ಯೂಯಾರ್ಕಿನಲ್ಲಿ ಸಾವಿರಕ್ಕೂ ಮಿಕ್ಕಿದ ಸಲಿಂಗಪ್ರೇಮಿ ಪುರುಷರು ಸ್ವಇಚ್ಛೆಯಿಂದ ಲಸಿಕೆಯ ಪರೀಕ್ಷೆಗೆ ಒಳಪಟ್ಟರು. ಆ ರೋಗ ಅವರ ನಡುವೆ ಹೆಚ್ಚಾಗಿತ್ತು. ಲಸಿಕೆ ಗೆದ್ದಿತು. 1981ರ ನವೆಂಬರಿನಲ್ಲಿ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು.

ಇಲ್ಲಿಂದ ಮುಂದೆ ಕಥೆಗೆ ಇನ್ನೊಂದು ವೈರಸ್ಸು ಪ್ರವೇಶಿಸುತ್ತದೆ.

ಅದೇ 1981ರ ಜೂನ್ ತಿಂಗಳಲ್ಲಿ ಅಮೆರಿಕಾದ ವೈದ್ಯರು ಹೊಸದೊಂದು ರೋಗವನ್ನು ವರದಿಮಾಡಿದ್ದರು. ಗಟ್ಟಿಮುಟ್ಟಾದ ತರುಣರು, ಆರೋಗ್ಯವಂತರನ್ನು ಏನೂ ಮಾಡಲಾಗದ ಸಣ್ಣ ರೋಗಾಣುಗಳಿಗೆ ಬಲಿಯಾಗುತ್ತಿದ್ದರು. ಮುಂದೆ ಏಡ್ಸ್ ಎಂಬ ಹೆಸರು ಪಡೆದ ಈ ರೋಗವು ಮೊದಲು ಕಂಡದ್ದು ಸಲಿಂಗಪ್ರೇಮಿ ಪುರುಷರಲ್ಲಿ. ಆಮೇಲೆ ಕುಸುಮರೋಗಿಗಳಲ್ಲಿ, ಒಂದೇ ಸೂಜಿಯಿಂದ ಮಾದಕದ್ರವ್ಯ ಚುಚ್ಚಿಕೊಳ್ಳುವವರಲ್ಲಿ, ರಕ್ತದಾನ ಪಡೆದವರಲ್ಲಿ, ಅಂತಹ ತಾಯಂದಿರ ಶಿಶುಗಳಲ್ಲಿ. ಹೆಪಟೈಟಿಸ್ ಬಿ ಬಲ್ಲ ವೈದ್ಯರಿಗೆ ಈ ಪಟ್ಟಿಯನ್ನು ನೋಡಿದೊಡನೆ ಹಳೆಯ ಪರಿಚಯವೆನಿಸಿತು. ಇದೂ ರಕ್ತದಿಂದ, ದೇಹ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಹರಡುವ ವೈರಸ್ಸೇ ಇರಬೇಕು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಆ ವೈರಸ್ಸನ್ನು ಕಂಡುಹಿಡಿದಾಗ ಊಹೆ ನಿಜವಾಯಿತು. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹೆಪಟೈಟಿಸ್ ಬಿ ಅಧ್ಯಯನಕ್ಕೆಂದು 1978ರಿಂದ 1980ರವರೆಗೆ ಸಾವಿರಾರು ಜನರಿಂದ ಪಡೆದು ತೆಗೆದಿಟ್ಟಿದ್ದ ರಕ್ತವನ್ನು ಮತ್ತೆ ಹೊರತೆಗೆದು ಪರೀಕ್ಷಿಸಿದರು. ಎಚ್.ಐ.ವಿ. ಆಗಲೇ ಅವರಲ್ಲಿ ಕೆಲವರ ರಕ್ತದಲ್ಲಿತ್ತು. ಒಂದು ವೈರಸ್ಸನ್ನು ಹುಡುಕಲು ತುಂಬಿಟ್ಟ ಸೀಸೆಯಲ್ಲಿ ಇನ್ನೊಂದು ಸದ್ದಿಲ್ಲದೆ ಕುಳಿತಿತ್ತು.

ಬ್ಲಂಬರ್ಗರ ಲಸಿಕೆಗೂ ಇದರ ಬಿಸಿ ತಟ್ಟದೆ ಹೋಗಲಿಲ್ಲ. ಮನುಷ್ಯರ ರಕ್ತದಿಂದ ಮಾಡಿದ ಲಸಿಕೆಯಾದ್ದರಿಂದ ಅದರೊಳಗೆ ಏಡ್ಸ್ ಸೇರಿರಬಹುದೆಂಬ ಭೀತಿ ಹಬ್ಬಿತು. ವೈದ್ಯರು, ದಾದಿಯರು ಸಹ ಚುಚ್ಚಿಸಿಕೊಳ್ಳಲು ಹಿಂಜರಿದರು. ಭಯ ಅಸ್ವಾಭಾವಿಕವಲ್ಲ. ಆದರೆ ಲಸಿಕೆ ತಯಾರಿಸುವಾಗ ಬಳಸುತ್ತಿದ್ದ ಪೆಪ್ಸಿನ್, ಯೂರಿಯಾ, ಫಾರ್ಮಲಿನ್ ಎಂಬ ಮೂರು ಹಂತಗಳೂ ಏಡ್ಸ್ ವೈರಸ್ಸನ್ನು ನಾಶಮಾಡುತ್ತವೆಂದು ಪರೀಕ್ಷೆಗಳಿಂದ ತಿಳಿದುಬಂತು. ಲಸಿಕೆಯಿಂದ ಏಡ್ಸ್ ಬಂದವರು ಒಬ್ಬರೂ ಸಿಗಲಿಲ್ಲ. 1986ರಲ್ಲಿ, ರಕ್ತವೇ ಬೇಡದೆ ಯೀಸ್ಟಿನಲ್ಲಿ ಬೆಳೆಸುವ ಹೊಸ ಲಸಿಕೆ ಬಂದ ಮೇಲೆ ಈ ವಾದವೇ ಮುಗಿಯಿತು. ನಮ್ಮ ದೇಶದಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯು 1997ರಲ್ಲಿ ಇಂತಹುದೇ ಲಸಿಕೆಯನ್ನು ತಯಾರಿಸಿತು.

ಈ ಎರಡು ವೈರಸ್‌ಗಳು ಒಂದೇ ದೇಹದಲ್ಲಿ ಕೂಡಿದರೆ ಆಗುವುದೇನು? ಸ್ವಲ್ಪ ನಿಂತು ತಿಳಿದುಕೊಳ್ಳಬೇಕಾದ ವಿಷಯವಿದು. ಹೆಪಟೈಟಿಸ್ ಬಿ ತಗುಲಿದ ಆರೋಗ್ಯವಂತ ವಯಸ್ಕರಲ್ಲಿ ನೂರಕ್ಕೆ ತೊಂಬತ್ತೈದು ಮಂದಿಯ ದೇಹ ಕೆಲವು ತಿಂಗಳಲ್ಲಿ ಅದನ್ನು ಹೊರದೂಡುತ್ತದೆ. ಹೆರಿಗೆಯ ಸಮಯದಲ್ಲಿ ತಾಯಿಯಿಂದ ಪಡೆದ ಹಸುಗೂಸುಗಳ ಸ್ಥಿತಿ ಇದಕ್ಕೆ ತೀರ ವಿರುದ್ಧ. ಅವುಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತರಲ್ಲಿ ವೈರಸ್ಸು ಜೀವಮಾನವಿಡೀ ಉಳಿದುಬಿಡುತ್ತದೆ. ಎಚ್.ಐ.ವಿ. ಇರುವವರಾದರೋ ವಯಸ್ಕರಾದರೂ ಹೋರಾಟದ ಬಲವಿಲ್ಲದವರು. ಕಾವಲಿನ ಮುಖ್ಯ ಸಿಪಾಯಿಗಳಾದ ಸಿ.ಡಿ.4 ಎಂಬ ಬಿಳಿ ರಕ್ತಕಣಗಳನ್ನೇ ಎಚ್.ಐ.ವಿ. ಕೊಲ್ಲುತ್ತದೆ. ಕಾವಲಿಲ್ಲದ ಮನೆಯಲ್ಲಿ ಹೆಪಟೈಟಿಸ್ ಬಿ ಬೇರುಬಿಡುವುದು ಸುಲಭ, ಯಕೃತ್ತು ಕೆಡುವುದೂ ಬೇಗ. ಲಸಿಕೆ ಹಾಕಿದರೂ ಅವರ ದೇಹ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಲೋಕದಲ್ಲಿ ಎಚ್.ಐ.ವಿ. ಇರುವ ಪ್ರತಿ ನೂರು ಮಂದಿಯಲ್ಲಿ ಏಳು ಮಂದಿಗೆ ಹೆಪಟೈಟಿಸ್ ಬಿ ಕೂಡ ಇದೆ. ಸುಮಾರು 27 ಲಕ್ಷ ಜನ!

ಜೊತೆಗಾರರು ಇನ್ನೂ ಇದ್ದಾರೆ. ಸರ್ಪಸುತ್ತು ಬರಿಸುವ ವೈರಸ್, ಕಣ್ಣಿನ ದೃಷ್ಟಿಯನ್ನೇ ಕಳೆಯಬಲ್ಲ ಸೈಟೊಮೆಗಲೊ ವೈರಸ್, ಸ್ತ್ರೀಯರ ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾದ ಪ್ಯಾಪಿಲೋಮಾ ವೈರಸ್ ಇವೆಲ್ಲ ಎಚ್.ಐ.ವಿ. ಇರುವವರನ್ನು ಹೆಚ್ಚಾಗಿ ಕಾಡುತ್ತವೆ. ಹೆಪಟೈಟಿಸ್ ಸಿ ಎಂಬುದು ಮತ್ತೊಂದು. ಅದರ ಬೆನ್ನು ಹತ್ತಿದವರಲ್ಲಿ ಮುಖ್ಯರು, 1963ರಲ್ಲಿ ಬ್ಲಂಬರ್ಗರೊಡನೆ ಆ ಬಿಳಿಯ ಗೆರೆಯನ್ನು ಕಂಡ ಅದೇ ಹಾರ್ವಿ ಆಲ್ಟರ್. ಅವರಿಗೂ 2020ರಲ್ಲಿ ನೊಬೆಲ್ ಪಾರಿತೋಷಕ ಬಂತು. ಹೆಪಟೈಟಿಸ್ ಸಿ ಈಗ ಸಾಮಾನ್ಯವಾಗಿ ಹನ್ನೆರಡು ವಾರಗಳ ಮಾತ್ರೆಗಳಿಂದ ಪೂರ್ತಿ ಗುಣವಾಗುತ್ತದೆ. ಲಸಿಕೆ ಮಾತ್ರ ಇನ್ನೂ ಇಲ್ಲ.

ಈಗ 1986ನೆಯ ಇಸವಿಗೆ ಬರೋಣ. ಆ ವರ್ಷ ಬ್ಲಂಬರ್ಗ್ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಪೀಠದ ಸಂದರ್ಶಕ ಪ್ರಾಧ್ಯಾಪಕರಾಗಿ ಭಾರತಕ್ಕೆ ಬಂದಿದ್ದರು. ಹೊಸೂರಿನಿಂದ ಬೆಂಗಳೂರು ಸುಮಾರು ನಲವತ್ತು ಕಿಲೋಮೀಟರ್. ಅದೇ ವರ್ಷ ಮದರಾಸಿನಲ್ಲಿ ಮತ್ತೊಂದು ಸಂಗತಿ ನಡೆಯಿತು. ಏಡ್ಸ್ ಭಾರತಕ್ಕೆ ಬಂದಿಲ್ಲವೆಂದು ಎಲ್ಲರೂ ನಿಶ್ಚಿಂತರಾಗಿದ್ದಾಗ, ಮದರಾಸು ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕಿ ಡಾ. ಸುನೀತಿ ಸಾಲೊಮನ್ ಅವರು ತಮ್ಮ ವಿದ್ಯಾರ್ಥಿನಿ ಡಾ. ನಿರ್ಮಲಾ ಅವರನ್ನು ಹುಡುಕಿ ನೋಡುವಂತೆ ಹುರಿದುಂಬಿಸಿದರು. ವೇಶ್ಯಾವೃತ್ತಿಗೆ ಸಿಲುಕಿದ್ದ ಸ್ತ್ರೀಯರ ರಕ್ತದ ಮಾದರಿಗಳನ್ನು ನಿರ್ಮಲಾ ಸಂಗ್ರಹಿಸಿದರು. ಪರೀಕ್ಷೆಗೆ ಬೇಕಾದ ಅನುಕೂಲ ಮದರಾಸಿನಲ್ಲಿರಲಿಲ್ಲ. ಐಸ್ ಪೆಟ್ಟಿಗೆಯಲ್ಲಿ ಮಾದರಿಗಳನ್ನಿಟ್ಟುಕೊಂಡು ರಾತ್ರಿಯ ರೈಲಿನಲ್ಲಿ ಕಾಟ್ಪಾಡಿಗೆ ಹೋಗಿ, ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಪರೀಕ್ಷಿಸಲಾಯಿತು. ನಮ್ಮ ಕಡೆಯ ರೋಗಿಗಳು ದೊಡ್ಡ ಕಾಯಿಲೆಗೆಂದು ಬಸ್ಸು ಹತ್ತಿ ಹೋಗುವ ಆಸ್ಪತ್ರೆಯೇ ಅದು. ಆರು ಮಾದರಿಗಳಲ್ಲಿ ಎಚ್.ಐ.ವಿ. ಇತ್ತು. ಮೇ ತಿಂಗಳಲ್ಲಿ ತಮಿಳುನಾಡಿನ ಅಂದಿನ ಆರೋಗ್ಯ ಮಂತ್ರಿ ಡಾ. ಎಚ್. ವಿ. ಹಂಡೆಯವರು ವಿಧಾನಸಭೆಯಲ್ಲಿ ಇದನ್ನು ತಿಳಿಸಿದರು. ಹೀಗೆ ಬೆಂಗಳೂರಿಗೂ ವೇಲೂರಿಗೂ ನಡುವೆ ಹೊಸೂರು ಕೃಷ್ಣಗಿರಿಗಳನ್ನು ಹಾದುಹೋಗುವ ಹೆದ್ದಾರಿಯ ಒಂದು ತುದಿಗೆ ಒಂದು ವೈರಸ್ಸನ್ನು ಕಂಡವರು ಬಂದ ವರ್ಷದಲ್ಲೇ, ಇನ್ನೊಂದು ತುದಿಯಲ್ಲಿ ಅದರ ಜೊತೆಗಾರ ಪತ್ತೆಯಾಯಿತು.

ಇನ್ನು ನೆಲನೆಲ್ಲಿಯ ವಿಷಯ. ಬ್ಲಂಬರ್ಗರ ಸಂಸ್ಥೆಯಲ್ಲಿ ವೆಂಕಟೇಶ್ವರನ್ ಎಂಬ ಭಾರತೀಯ ವಿಜ್ಞಾನಿ ಇದ್ದರು. ಕಾಮಾಲೆಗೆ ನಾಟಿ ವೈದ್ಯದಲ್ಲಿ ಬಳಸುವ ಗಿಡಗಳನ್ನು ಪರಿಶೀಲಿಸುತ್ತ ಅವರು ನೆಲನೆಲ್ಲಿಯನ್ನು ಆರಿಸಿದರು. ಮದರಾಸು ವಿಶ್ವವಿದ್ಯಾನಿಲಯದ ಡಾ. ತ್ಯಾಗರಾಜನ್ ಮತ್ತು ಬ್ಲಂಬರ್ಗ್ ಕೂಡಿ ನಡೆಸಿದ ಪರೀಕ್ಷೆಯ ಫಲಿತಾಂಶ 1988ರಲ್ಲಿ ಇಂಗ್ಲೆಂಡಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಗಿಡದ ಪುಡಿಯನ್ನು ಮೂವತ್ತು ದಿನ ಸೇವಿಸಿದ 37 ರೋಗವಾಹಕರಲ್ಲಿ 22 ಮಂದಿಯ ರಕ್ತದಿಂದ ಪ್ರತಿಜನಕ ಮಾಯವಾಗಿತ್ತು. ಬರಿಯ ಹುಸಿಪುಡಿ ತೆಗೆದುಕೊಂಡ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ ಹಾಗಾಯಿತು. ಲೋಕವೇ ಕಣ್ಣರಳಿಸಿ ನೋಡಿತು. ಆದರೆ ಮುಂದೆ ಬೇರೆ ದೇಶಗಳಲ್ಲಿ ಇದೇ ಪರೀಕ್ಷೆಯನ್ನು ಮಾಡಿದಾಗ ಅಂತಹ ಫಲ ದೊರೆಯಲಿಲ್ಲ. ಆದುದರಿಂದ ಇಂದಿನ ವೈದ್ಯರು ಅದನ್ನು ನಂಬಿಕೊಳ್ಳುವುದಿಲ್ಲ. ಹಳ್ಳಿಗಳಲ್ಲಿ ನೆಲನೆಲ್ಲಿ ಕುಡಿದು ಕಾಮಾಲೆ ಬಿಟ್ಟಿತೆಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ನೀರಿನಿಂದ ಬರುವ ಬಹುಪಾಲು ಕಾಮಾಲೆ ತಾನಾಗಿಯೇ ಬಿಡುವಂಥದು. ಕಣ್ಣಿನ ಹಳದಿ ಹೋದರೂ ರಕ್ತದಲ್ಲಿ ಉಳಿದುಕೊಳ್ಳುವುದು ಹೆಪಟೈಟಿಸ್ ಬಿ. ಅದು ಇದೆಯೋ ಇಲ್ಲವೋ ಎಂಬುದನ್ನು ಕಣ್ಣು ನೋಡಿ ಹೇಳಲಾಗದು, ರಕ್ತಪರೀಕ್ಷೆಯಿಂದಲೇ ತಿಳಿಯಬೇಕು.

ಔಷಧದ ದಾರಿ ಬೇರೊಂದು ಕಡೆಯಿಂದ ತೆರೆಯಿತು. ಇದರಲ್ಲೊಂದು ಸ್ವಾರಸ್ಯವಿದೆ. ತರಗತಿಯಲ್ಲಿ ಕರಿಹಲಗೆಯ ಮೇಲಿರುವುದನ್ನು ಮಕ್ಕಳು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರಷ್ಟೆ. ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಮೂಲ ಬರಹದಿಂದ ಆರ್.ಎನ್.ಎ. ಎಂಬ ನಕಲು ಇಳಿಯುತ್ತದೆ. ಎಚ್.ಐ.ವಿ. ಮತ್ತು ಹೆಪಟೈಟಿಸ್ ಬಿ ಎರಡೂ ಉಲ್ಟಾ ಬರೆಯುವ ವೈರಸ್‌ಗಳು. ಪುಸ್ತಕದಿಂದ ಕರಿಹಲಗೆಗೆ, ಆರ್.ಎನ್.ಎ.ಯಿಂದ ಡಿ.ಎನ್.ಎ.ಗೆ! ಹೀಗಾಗಿ ಎಚ್.ಐ.ವಿ.ಯ ಈ ಬರವಣಿಗೆಯನ್ನು ತಡೆಯಲು ಬಳಸುವ ಲಾಮಿವುಡಿನ್, ಟೆನೊಫೊವಿರ್ ಎಂಬ ಮದ್ದುಗಳು ಹೆಪಟೈಟಿಸ್ ಬಿ ವೈರಸ್ಸನ್ನೂ ಅದುಮಿಡುತ್ತವೆ. ಒಂದು ಮಾತ್ರೆ, ಎರಡು ಶತ್ರು. ಆದರೆ ಲಾಮಿವುಡಿನ್ ಒಂದನ್ನೇ ಕೊಟ್ಟರೆ ಹೆಪಟೈಟಿಸ್ ಬಿ ಕ್ರಮೇಣ ಅದಕ್ಕೆ ಪಳಗಿಬಿಡುತ್ತದೆ. ಮೈ ಚೆನ್ನಾಯಿತೆಂದು ರೋಗಿಯು ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಅದುಮಿಟ್ಟಿದ್ದ ವೈರಸ್ಸು ಒಮ್ಮೆಲೇ ಚಿಗುರಿ ಯಕೃತ್ತು ಪ್ರಾಣಾಪಾಯಕ್ಕೆ ಈಡಾಗಬಹುದು. ಒಂದು ವೈರಸ್ ಇರುವವರಲ್ಲಿ ಇನ್ನೊಂದನ್ನೂ ಮೊದಲೇ ಹುಡುಕಬೇಕಾದುದು ಇದಕ್ಕಾಗಿಯೇ. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರವು ಎಚ್.ಐ.ವಿ. ಔಷಧವನ್ನು ಉಚಿತವಾಗಿ ಕೊಡಲಾರಂಭಿಸಿತು. ತಮಿಳುನಾಡು, ಕರ್ನಾಟಕ ಎರಡೂ ಮೊದಲ ಪಟ್ಟಿಯಲ್ಲಿದ್ದವು. ಹೆಪಟೈಟಿಸ್ಸಿನ ರಾಷ್ಟ್ರೀಯ ಕಾರ್ಯಕ್ರಮ 2018ರ ಜುಲೈ 28ರಂದು ಪ್ರಾರಂಭವಾಯಿತು.

ಪೋಷಕರಲ್ಲಿ ಒಂದು ಮಾತು. ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತಾರು ಜನರಿಗೆ ಹಾಕುವ ಹಚ್ಚೆ, ಕ್ಷೌರದಂಗಡಿಯ ಬದಲಾಯಿಸದ ಬ್ಲೇಡು, ಕುದಿಸದ ಸಿರಿಂಜು ಇವು ರಕ್ತದ ದಾರಿಗಳು. ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದಲ್ಲಿ ಏಳು ದಿನವಾದರೂ ಬದುಕಿರಬಲ್ಲದು. ಆದರೆ ಒಂದೇ ಬೆಂಚಿನಲ್ಲಿ ಕೂರುವುದರಿಂದ, ಒಟ್ಟಿಗೆ ಊಟ ಮಾಡುವುದರಿಂದ, ಕೈ ಹಿಡಿದು ಆಡುವುದರಿಂದ ಈ ಎರಡು ವೈರಸ್‌ಗಳಲ್ಲಿ ಒಂದೂ ಹರಡುವುದಿಲ್ಲ. ಎಚ್.ಐ.ವಿ. ಇದೆಯೆಂದು ಯಾವ ಮಗುವನ್ನೂ ಶಾಲೆಯಿಂದ ದೂರವಿಡುವಂತಿಲ್ಲವೆಂದು 2017ರ ಕಾಯಿದೆಯೇ ಹೇಳುತ್ತದೆ. ಅದು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ.

ಬ್ಲಂಬರ್ಗರ ಉಳಿದ ಜೀವನವನ್ನು ಚುಟುಕಾಗಿ ಹೇಳಬಹುದು. 1976ರಲ್ಲಿ ಕಾರ್ಲ್‌ಟನ್ ಗೈಡುಸೆಕ್ ಎಂಬ ವಿಜ್ಞಾನಿಯೊಡನೆ ನೊಬೆಲ್ ಪಾರಿತೋಷಕ ಪಡೆದರು. ಪತ್ನಿ ಜೀನ್ ಚಿತ್ರಕಲಾವಿದೆ, ಮಕ್ಕಳು ನಾಲ್ವರು. 1989ರಲ್ಲಿ, ತಾವು ಹಿಂದೆ ವಿದ್ಯಾರ್ಥಿಯಾಗಿದ್ದ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿಗೇ ಮುಖ್ಯಸ್ಥರಾಗಿ ಹೋದರು. ಅಮೆರಿಕನ್ನರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಎಪ್ಪತ್ತು ದಾಟಿದ ಮೇಲೆ ಸುಮ್ಮನೆ ಕೂರುವ ಸ್ವಭಾವ ಅವರದಲ್ಲ. ಭೂಮಿಯಾಚೆ ಜೀವವಿದೆಯೇ ಎಂದು ಅರಸುವ ನಾಸಾ ಸಂಸ್ಥೆಯ ವಿಭಾಗಕ್ಕೆ 1999ರಲ್ಲಿ ನಿರ್ದೇಶಕರಾದರು. ಲೋಕದ ಮೂಲೆಮೂಲೆಯ ರಕ್ತವನ್ನು ಪರೀಕ್ಷಿಸಿದವರಿಗೆ ಈ ಲೋಕವೂ ಸಾಲದಾಯಿತೇನೋ!

2011ರ ಏಪ್ರಿಲ್ 5ರಂದು ಕ್ಯಾಲಿಫೋರ್ನಿಯಾದ ನಾಸಾ ಕೇಂದ್ರದಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಅವರು ಭಾಷಣ ಮಾಡಿದರು. ಸ್ವಲ್ಪ ಹೊತ್ತಿನಲ್ಲೇ ಕುಸಿದು ಪ್ರಾಣಬಿಟ್ಟರು. ಆಗ ಅವರಿಗೆ 85 ವರ್ಷ. ಅದೇ ವರ್ಷದಿಂದ ಅವರ ಹುಟ್ಟುಹಬ್ಬವಾದ ಜುಲೈ 28ನ್ನು ವಿಶ್ವ ಹೆಪಟೈಟಿಸ್ ದಿನವನ್ನಾಗಿ ಆಚರಿಸಲಾಗುತ್ತಿದೆ. ಮದರಾಸಿನ ಡಾ. ಸುನೀತಿ ಸಾಲೊಮನ್ ಅವರು ತೀರಿಕೊಂಡದ್ದೂ 2015ರ ಜುಲೈ 28ರಂದೇ. ಹೆಪಟೈಟಿಸ್ ಬಿ ಸೇರಿದಂತೆ ಐದು ರೋಗಗಳಿಗೆ ಒಂದೇ ಚುಚ್ಚುಮದ್ದಾಗಿರುವ ಪೆಂಟಾವೇಲೆಂಟ್ ಲಸಿಕೆಯನ್ನು ಸರ್ಕಾರವು ಭಾರತದಲ್ಲಿ ಎಲ್ಲಕ್ಕೂ ಮೊದಲು ಹಾಕಲಾರಂಭಿಸಿದ್ದು ಕೇರಳ ಮತ್ತು ನಮ್ಮ ತಮಿಳುನಾಡಿನಲ್ಲಿ, 2011ರ ಡಿಸೆಂಬರಿನಲ್ಲಿ. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಹೆಪಟೈಟಿಸ್ ಬಿ ಒಂದು, ಆಮೇಲೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಪೆಂಟಾವೇಲೆಂಟ್ ಮೂರು. ಮನೆಯಲ್ಲಿ ಚಿಕ್ಕ ತಮ್ಮ ತಂಗಿಯರಿರುವ ವಿದ್ಯಾರ್ಥಿಗಳು ಅವರ ಲಸಿಕೆ ಕಾರ್ಡನ್ನು ತೆಗೆದು ನೋಡಿದರೆ ಈ ನಾಲ್ಕು ತಾರೀಖುಗಳು ಅಲ್ಲಿ ಸಿಗುತ್ತವೆ.